ಕಪ್ಲರ್ ಕತ್ತರಿಸುವ ಮುನ್ನ: ತುಮಕೂರು ಸೀಮೆಯ ಗ್ಯಾರೇಜ್ ಬಂಧುಗಳಿಗೆ ಒಂದು ಬಹಿರಂಗ ಪತ್ರ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಆಟೋ ಎಲೆಕ್ಟ್ರಿಷಿಯನ್ ಬಂಧುಗಳಿಗೆ, ಗ್ಯಾರೇಜ್ ನಡೆಸುವ ಹಿರಿಯರಿಗೆ, ಗುಜರಿ ಅಂಗಡಿಯ ಅಣ್ಣತಮ್ಮಂದಿರಿಗೆ ಬೆಳ್ಳಾವಿಯಿಂದ ಬರೆಯುತ್ತಿದ್ದೇನೆ.

ಈ ಕಾಗದ ಬರೆಯುತ್ತಿರುವುದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಸಾಮಾನಿನ ಸಲುವಾಗಿ. ಎಂಜಿನ್ ಕಂಪ್ಯೂಟರಿಗೆ, ಅಂದರೆ ನಾವು ಇಸಿಎಂ ಅನ್ನುವ ಪೆಟ್ಟಿಗೆಗೆ, ಗಾಡಿಯ ವೈರಿಂಗೆಲ್ಲ ಬಂದು ಕೂರುವ ಕಪ್ಲರಿನ ಸಲುವಾಗಿ. ಅದು ಮುರಿದರೆ, ಅದರೊಳಗಿನ ಎರಡು ಪಿನ್ನು ಕಿಲುಬು ಹಿಡಿದರೆ, ಲಕ್ಷಗಟ್ಟಲೆ ಬೆಲೆಯ ಗಾಡಿ ನಿಂತ ಜಾಗದಿಂದ ಅಲ್ಲಾಡುವುದಿಲ್ಲ. ಹೊಸ ಕಪ್ಲರ್ ತರೋಣವೆಂದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಶೋರೂಮಿನಲ್ಲಿ ಕೇಳಿದರೆ ಬಿಡಿಯಾಗಿ ಬರುವುದಿಲ್ಲ, ಪೂರ್ತಿ ವೈರಿಂಗ್ ಸೆಟ್ಟೇ ತಗೊಳ್ಳಬೇಕು ಅನ್ನುತ್ತಾರೆ. ಅದಕ್ಕೆ ದುಡ್ಡು ಹೊಂದಿಸಲಾಗದೆ ಟಾರ್ಪಾಲು ಹೊದ್ದು ನಿಂತ ಗಾಡಿಗಳು ಗುಬ್ಬಿ ಗೇಟಿನಲ್ಲೂ ಇವೆ, ಶಿರಾ ಗೇಟಿನಲ್ಲೂ ಇವೆ, ನಮ್ಮ ಹಳ್ಳಿಗಳ ಹಿತ್ತಿಲಲ್ಲೂ ಇವೆ. ನೀವು ದಿನಾ ನೋಡುವುದೇ.

ಈ ಕಷ್ಟದ ಅರ್ಧ ಭಾಗ ಕಂಪನಿಗಳ ಕೈಯಲ್ಲಿದೆ. ಇನ್ನರ್ಧ ನಮ್ಮ ಕೈಯಲ್ಲೇ ಇದೆ. ನಾನು ಕೇಳಿಕೊಳ್ಳುತ್ತಿರುವುದು ಈ ಎರಡನೆಯ ಅರ್ಧದ ಬಗ್ಗೆ.

ಮೊದಲು, ಸಿಗುವುದಿಲ್ಲ ಏಕೆ ಅನ್ನುವುದನ್ನು ನೋಡೋಣ. ಕಪ್ಲರನ್ನು ಕಾರು ಕಂಪನಿ ಮಾಡುವುದಿಲ್ಲ. ಅದನ್ನು ಮಾಡುವ ಕಂಪನಿಗಳೇ ಬೇರೆ: ಯಜಾಕಿ, ಸುಮಿಟೊಮೊ, ಟಿ.ಇ., ಮೊಲೆಕ್ಸ್, ಆಪ್ಟಿವ್, ಕೋಸ್ಟಲ್ ಇತ್ಯಾದಿ. ಅವರು ವೈರಿಂಗ್ ಹಾರ್ನೆಸ್ ಕಟ್ಟುವವರಿಗೆ ಕೊಡುತ್ತಾರೆ, ಹಾರ್ನೆಸ್ಸಿನವರು ಕಾರು ಕಂಪನಿಗೆ ಕೊಡುತ್ತಾರೆ. ಕಾರು ಕಂಪನಿಯ ಪುಸ್ತಕದಲ್ಲಿ ಪಾರ್ಟ್ ನಂಬರ್ ಬೀಳುವುದು ಪೂರ್ತಿ ಹಾರ್ನೆಸ್ಸಿಗೆ. ಅದರ ತುದಿಯಲ್ಲಿರುವ ಕಪ್ಲರಿಗೆ ಅಲ್ಲಿ ಬಹಳ ಸಲ ಪ್ರತ್ಯೇಕ ನಂಬರೇ ಇರುವುದಿಲ್ಲ. ಇನ್ನು ಕೆಲವು ಕಪ್ಲರುಗಳ ಅಚ್ಚಿಗೆ ಕಾರು ಕಂಪನಿಯೇ ದುಡ್ಡು ಹಾಕಿರುತ್ತದೆ. ಅಂಥವನ್ನು ಹೊರಗೆ ಮಾರುವ ಹಾಗೇ ಇಲ್ಲ. ಒಳಗಿನ ಟರ್ಮಿನಲುಗಳು ಸಾವಿರಾರು ಒಟ್ಟಿಗೆ ಸುತ್ತಿದ ರೀಲಿನಲ್ಲಿ ಬರುತ್ತವೆ, ಏಕೆಂದರೆ ಅವು ಕಾರ್ಖಾನೆಯ ಯಂತ್ರದ ಬಾಯಿಗೆ ಹೋಗಬೇಕಾದವು. ನಮಗೆ ಬೇಕಾದದ್ದು ಎರಡು. ಎರಡೇ ಟರ್ಮಿನಲ್ ಮಾರುವವರು ಅಪರೂಪ.

ಹಿಂದೆ ಈ ಪಾಡು ಇರಲಿಲ್ಲ. ಕಾರ್ಬೊರೇಟರ್ ಗಾಡಿಯಲ್ಲಿ ಪಾಯಿಂಟು, ಕಾಯಿಲ್, ನಾಲ್ಕು ವೈರು. ಲಗ್ಗು ಸುಟ್ಟರೆ ಹೊಸದು ಒತ್ತಿ ಕಳಿಸುತ್ತಿದ್ದೆವು. ಇಂಜೆಕ್ಷನ್ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಕಂಪ್ಯೂಟರಿನಿಂದ ನಡೆಸುವ ಮೋಟ್ರೋನಿಕ್ ವ್ಯವಸ್ಥೆಯನ್ನು ಬಾಷ್ ಕಂಪನಿ ತಂದದ್ದು 1979ರಲ್ಲಿ, ಜರ್ಮನಿಯ ಕಾರಿಗೆ. ನಮ್ಮ ಕಡೆಗೆ ಅದು 2000ದ ಆಸುಪಾಸಿಗೆ ಎಂಪಿಎಫ್‌ಐ ಅನ್ನುವ ಹೆಸರಿನಲ್ಲಿ ಬಂತು. ಆಮೇಲೆ ಡೀಸೆಲಿಗೆ ಕಾಮನ್ ರೈಲ್ ಬಂತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿ.ಎಸ್.6 ಬಂದ ಮೇಲಂತೂ ಹೊಸ ಪೆಟ್ರೋಲ್ ಬೈಕುಗಳಿಗೂ ಬಹುಪಾಲು ಇಂಜೆಕ್ಷನ್ನೇ. ಬೆಳ್ಳಾವಿಯಲ್ಲಿ ಬೈಕ್ ರಿಪೇರಿ ಮಾಡುವ ಹುಡುಗರು ಕೂಡ ಈಗ ಕಂಪ್ಯೂಟರ್ ಕಪ್ಲರ್ ಬಿಚ್ಚುತ್ತಿದ್ದಾರೆ. ಡೀಸೆಲ್ ಗಾಡಿಗಳಲ್ಲಿ ಬರುವ ಬಾಷ್ ಇಡಿಸಿ 16, ಇಡಿಸಿ 17 ಪೆಟ್ಟಿಗೆಗಳಲ್ಲಿ ಅನೇಕಕ್ಕೆ ಎರಡು ಕಪ್ಲರ್: ಒಂದರಲ್ಲಿ 94 ಪಿನ್ನು, ಇನ್ನೊಂದರಲ್ಲಿ 60. ಒಟ್ಟು 154 ಪಿನ್ನಿನಲ್ಲಿ ಒಂದು ಸಡಿಲವಾದರೆ ಸಾಕು, ಗಾಡಿ ತನ್ನಿಚ್ಛೆಗೆ ಬಂದ ಕಡೆ ನಿಲ್ಲುತ್ತದೆ.

ಗುಬ್ಬಿ ಕಡೆಯ ತೋಟದವರೊಬ್ಬರ ಡೀಸೆಲ್ ಗಾಡಿ ನನ್ನ ಹತ್ತಿರ ಬಂದ ಕತೆ ಹೇಳುತ್ತೇನೆ. ಅವರ ಮನೆಯಲ್ಲಿ ಗಾಡಿ ನಿಲ್ಲುವುದು ಕೊಬ್ಬರಿ ಅಟ್ಟದ ಕೆಳಗೆ. ಕೊಬ್ಬರಿ ಇದ್ದ ಕಡೆ ಇಲಿ ಇದ್ದೇ ಇರುತ್ತದೆ, ಬೆಚ್ಚಗಿನ ಎಂಜಿನ್ ಅವಕ್ಕೆ ಒಳ್ಳೆಯ ಗೂಡು. ಟೋ ಮಾಡಿಸಿಕೊಂಡು ಬಂದವರು ಇಳಿದವರೇ ಹೇಳಿದ್ದು ಇಷ್ಟು: “ಅಣ್ಣಾ, ಇಸಿಎಂ ಹೋಗೈತಂತೆ. ವೈರಿಂಗೂ ಪೂರ್ತಿ ಬದಲಾಯಿಸ್ಬೇಕಂತೆ. ಅವ್ರು ಹೇಳೋ ರೇಟಿಗೆ ಗಾಡಿ ಮಾರಿದ್ರೂ ಅಷ್ಟು ಬರಾಕಿಲ್ಲ.” ಯಾರು ಹಾಗೆ ಹೇಳಿದ್ದು ಅನ್ನುವುದು ಇಲ್ಲಿ ಬೇಡ. ಸ್ಕ್ಯಾನರ್ ಹಾಕಿದರೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸೆನ್ಸರುಗಳ ಕೋಡು ಒಟ್ಟಿಗೆ ಬರುತ್ತಿತ್ತು. ಅದನ್ನು ನೋಡಿದವರಿಗೆ ಇಸಿಎಂ ಸತ್ತಿದೆ ಅನ್ನಿಸುವುದು ಸಹಜ. ಆದರೆ ಆ ಮೂರೂ ಸೆನ್ಸರಿಗೆ ಇಸಿಎಂ ಕಡೆಯಿಂದ ಬರುವ 5 ವೋಲ್ಟಿನ ಲೈನು ಒಂದೇ. ಒಂದು ಸೆನ್ಸರಿನ ವೈರನ್ನು ಇಲಿ ಕಡಿದು, ಬರಿ ತಾಮ್ರ ಎಂಜಿನ್ ಬ್ಲಾಕಿಗೆ ತಾಗಿ, 5 ವೋಲ್ಟ್ ಅರ್ತಾಗಿ ಹೋಗಿತ್ತು. ಒಂದು ಬಿದ್ದರೆ ಮೂರೂ ಬಿದ್ದವು. ವೈರು ಸರಿಮಾಡಿದ ಕೂಡಲೇ 5 ವೋಲ್ಟ್ ವಾಪಸ್ ಬಂತು, ಗಾಡಿ ಸ್ಟಾರ್ಟೂ ಆಯಿತು.

ಆದರೆ ಹಂಪಿನ ಮೇಲೆ ಹತ್ತಿಸಿದರೆ ಮತ್ತೆ ಆಫ್. ಆಗ ಇಸಿಎಂ ಕಪ್ಲರ್ ಬಿಚ್ಚಿದೆ. ಅದರ ಲಿವರನ್ನು ಯಾರೋ ಸ್ಕ್ರೂಡ್ರೈವರಿನಲ್ಲಿ ಮೀಟಿ ಒಂದು ಕಿವಿ ಮುರಿದಿದ್ದರು, ಹಾಗಾಗಿ ಕಪ್ಲರ್ ಕೊನೆಯವರೆಗೆ ಕೂತಿರಲೇ ಇಲ್ಲ. ವೈರಿಲ್ಲದ ಖಾಲಿ ತೂತಿಗೆ ಕಂಪನಿಯಲ್ಲಿ ಒಂದು ಸಣ್ಣ ರಬ್ಬರ್ ಬಿರಡೆ ಹಾಕಿರುತ್ತಾರೆ; ಅದು ಬಿದ್ದುಹೋಗಿತ್ತು. ಎಂಜಿನ್ನಿಗೆ ನೀರು ಹೊಡೆದಾಗಲೆಲ್ಲ ಆ ತೂತಿನಿಂದ ನೀರಿಳಿದು, ಪಕ್ಕದ ಎರಡು ಟರ್ಮಿನಲ್ ಹಸಿರು ಕಿಲುಬು ಕಟ್ಟಿ ಪುಡಿಪುಡಿಯಾಗಿದ್ದವು. ಇಸಿಎಂ ಮಾತ್ರ ಗಟ್ಟಿಯಾಗಿತ್ತು. ಬೇಕಾಗಿದ್ದದ್ದು ಒಂದು ಕಪ್ಲರ್ ಮೈ, ಎರಡು ಟರ್ಮಿನಲ್, ಒಂದು ಬಿರಡೆ.

ಅದೇ ಮಾಡೆಲ್ಲಿನ ಹಳೇ ಗಾಡಿಯ ವೈರಿಂಗ್ ಎಲ್ಲೂ ಇರಲಿಲ್ಲ. ಕೊನೆಗೆ ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲಿ ಕಪ್ಲರ್ ಸಿಕ್ಕಿತು. ಸಿಕ್ಕಿದ್ದು ಬೇರೊಂದು ಕಂಪನಿಯ, ಬೇರೆಯೇ ಗಾಡಿಯ ವೈರಿಂಗಿನಲ್ಲಿ. ಪ್ಲಾಸ್ಟಿಕ್ಕಿನ ಮೇಲಿನ ನಂಬರು ಒಂದೇ, ಒಳಗಿನ ಏಣು ಒಂದೇ, ಲಿವರ್ ಒಂದೇ. ಅಂಗಡಿಯವರು ಗಾಡಿಯ ಹೆಸರು ಕೇಳಿ “ಇಲ್ಲ” ಅಂದಿದ್ದರು. ನಂಬರ್ ತೋರಿಸಿದ ಮೇಲೆ ರಾಶಿಯಿಂದ ಎಳೆದು ಕೊಟ್ಟರು.

ಆ ದಿನ ನನಗೆ ಮನಸ್ಸಿಗೆ ಹತ್ತಿದ ಮಾತನ್ನೇ ನಿಮಗೂ ಹೇಳುತ್ತಿದ್ದೇನೆ. ಕಪ್ಲರ್ ಹುಡುಕುವಾಗ ಗಾಡಿಯ ಹೆಸರು ಹಿಡಿದು ಹೋಗಬೇಡಿ, ಕಪ್ಲರಿನ ನಂಬರ್ ಹಿಡಿದು ಹೋಗಿ. ಇಸಿಎಂ ಮಾಡಿದವರು ಯಾರು, ಕಪ್ಲರ್ ಮಾಡಿದವರು ಯಾರು ಅನ್ನುವುದು ಮುಖ್ಯ. ಬಾನೆಟ್ಟಿನ ಮೇಲಿನ ಲಾಂಛನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಂಬರ್ ಓದುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಹೊಸದಾಗಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಉಪಯೋಗವಾಗಲಿ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಆಮೇಲೆ ಕಪ್ಲರ್ ಬಿಚ್ಚಿ. ಬ್ರಷ್ಷಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೈಯನ್ನು ಒರೆಸಿ. ಮೊಬೈಲಿನ ಟಾರ್ಚನ್ನು ನೇರಕ್ಕೆ ಹಿಡಿದರೆ ಅಕ್ಷರ ಕಾಣುವುದಿಲ್ಲ. ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಉಬ್ಬಿದ ಅಕ್ಷರದ ನೆರಳು ಬೀಳುತ್ತದೆ. ತಯಾರಕರ ಸಣ್ಣ ಗುರುತು, ಅದರ ಹತ್ತಿರ ಅಂಕಿಗಳ ಒಂದು ಸಾಲು ಸಿಗುತ್ತದೆ. ಪಿ.ಬಿ.ಟಿ., ಜಿ.ಎಫ್. ಅಂತ ಬಾಣದ ಗುರುತಿನ ನಡುವೆ ಇರುವುದು ಪ್ಲಾಸ್ಟಿಕ್ಕಿನ ಜಾತಿ ಮತ್ತು ಅದರೊಳಗಿನ ಗಾಜಿನ ನಾರಿನ ಸೂಚನೆ. ಅದನ್ನೇ ಪಾರ್ಟ್ ನಂಬರೆಂದು ಬರೆದುಕೊಂಡು ಬೆಂಗಳೂರಿಗೆ ಹೋಗಬೇಡಿ. ಕೆಲವೊಮ್ಮೆ ಮೈಮೇಲಿರುವುದು ಅಚ್ಚಿನ ನಂಬರಾಗಿದ್ದು, ಮಾರಾಟದ ನಂಬರ್ ಬೇರೆ ಇರುವುದುಂಟು. ಹಾಗಾಗಿ ನಂಬರಿನ ಜೊತೆ ಅಳತೆಯೂ ಬೇಕು.

ಹಿಂದಿನ ಮುಚ್ಚಳ ತೆಗೆದರೆ ವೈರುಗಳು ಸಾಲಾಗಿ ರಬ್ಬರ್ ಸೀಲಿನೊಳಗೆ ಇಳಿದಿರುವುದು ಕಾಣುತ್ತದೆ. ಮೂಲೆಯ ತೂತುಗಳ ಪಕ್ಕ 1 ಅಂತ, ಸಾಲಿನ ಕೊನೆಯಲ್ಲಿ ಕೊನೆಯ ಅಂಕಿ ಅಂತ ಬರೆದಿರುತ್ತದೆ. ಎಣಿಸುವಾಗ ಅದನ್ನೇ ನಂಬಿ. ಎದುರುಗಡೆ ಬೇರೆ ಬಣ್ಣದ ಒಂದು ಪಟ್ಟಿ ಇರುತ್ತದೆ, ಅದು ಎರಡನೇ ಲಾಕು. ಅದನ್ನು ಸರಿಸದೆ ಟರ್ಮಿನಲ್ ಎಳೆದರೆ ಬರುವುದಿಲ್ಲ, ಬಲವಂತ ಮಾಡಿದರೆ ಕಪ್ಲರೇ ಹೋಗುತ್ತದೆ. ಪಟ್ಟಿ ಸರಿಸಿ, ಪಿನ್ ತೆಗೆಯುವ ಸಾಧನದಿಂದ ಒಳಗಿನ ನಾಲಗೆ ಎತ್ತಿದರೆ ಟರ್ಮಿನಲ್ ಹಿಂದಿನಿಂದ ಸಲೀಸಾಗಿ ಬರುತ್ತದೆ. ಈಗ ಇಸಿಎಂ ಕಡೆಯ ಗಂಡು ಪಿನ್ನಿನ ಅಗಲವನ್ನು ವರ್ನಿಯರಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ 0.64, 1.5, 2.3, 2.8, 6.3 ಮಿಲಿಮೀಟರ್, ಇಂಥ ಅಳತೆಗಳಲ್ಲೇ ಬರುತ್ತದೆ. ಜಪಾನಿನವರು ಇದನ್ನೇ ಇಂಚಿನ ಸಾವಿರದ ಭಾಗದಲ್ಲಿ ಕರೆಯುತ್ತಾರೆ: 025 ಅಂದರೆ 0.64, 090 ಅಂದರೆ 2.3, 250 ಅಂದರೆ 6.3. ಒಂದೇ ಇಸಿಎಂ ಕಪ್ಲರಿನಲ್ಲಿ ಸಿಗ್ನಲಿಗೆ ಸಣ್ಣದು, ಕರೆಂಟು ಹೆಚ್ಚು ಹರಿಯುವ ಕಡೆ ದೊಡ್ಡದು, ಹೀಗೆ ಎರಡು ಮೂರು ಅಳತೆ ಇರುವುದು ಮಾಮೂಲು. ಪಿನ್ನು ಎಷ್ಟು, ಸಾಲು ಎಷ್ಟು, ಅಳತೆ ಏನು, ಒಳಗಿನ ಏಣು ಎಲ್ಲೆಲ್ಲಿದೆ, ಬಣ್ಣ ಯಾವುದು. ಏಣಿನ ಜಾಗ ಬದಲಾದರೆ ಬಣ್ಣವೂ ಬದಲಾಗುವುದು ಸಾಮಾನ್ಯ. ಕಪ್ಪಿನ ಜಾಗಕ್ಕೆ ಬೂದು ಬಣ್ಣದ್ದು ತಂದರೆ ಕೂರದೇ ಇರಬಹುದು. ಇಷ್ಟನ್ನು ಬರೆದುಕೊಂಡು, ನಾಲ್ಕು ದಿಕ್ಕಿನಿಂದ ಫೋಟೊ ತೆಗೆದುಕೊಂಡರೆ ದೇಶದ ಯಾವ ಮಾರುಕಟ್ಟೆಗಾದರೂ ಧೈರ್ಯವಾಗಿ ಹೋಗಬಹುದು.

0.64 ಮಿಲಿಮೀಟರಿನ ಪಿನ್ನು ನಮ್ಮ ಕೈಗೆ ಆಗುವ ಕೆಲಸವಲ್ಲ ಅಂತ ಹೇಳುವವರು ಇದ್ದಾರೆ. ಆದರೆ ಎಚ್‌ಎಂಟಿ ಕೈಗಡಿಯಾರ ಜೋಡಿಸಿದ ಊರು ತುಮಕೂರು. ನಮ್ಮ ಅಕ್ಕಂದಿರು, ಅಣ್ಣಂದಿರು ಅದಕ್ಕಿಂತ ಸಣ್ಣ ಸಾಮಾನನ್ನು ಚಿಮಟದಲ್ಲಿ ಹಿಡಿದು ಬದುಕು ಕಟ್ಟಿಕೊಂಡಿದ್ದರು. ನಮಗೂ ಆಗುತ್ತದೆ. ಬೇಕಾದದ್ದು ಒಳ್ಳೆಯ ಬೆಳಕು, ಸರಿಯಾದ ಸಾಧನ, ಸ್ವಲ್ಪ ತಾಳ್ಮೆ.

ಹುಡುಕುವ ಜಾಗಗಳು ನಿಮಗೆ ಗೊತ್ತಿರುವುದೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಓಡಾಟ ಹೆಚ್ಚಿರುವ ಗಾಡಿಗಳ ಸೆನ್ಸರ್ ಕಪ್ಲರುಗಳು ವೈರಿನ ಸಮೇತ ಸಿಗುತ್ತವೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಕೆಲವು ಜಾತಿಯ ಟರ್ಮಿನಲ್ ಬಿಡಿಯಾಗಿ ಕೊಡುತ್ತಾರೆ. ಶಿವಾಜಿನಗರದ ಮಾತು ಆಗಲೇ ಹೇಳಿದೆ. ಇನ್ನೂ ದೂರಕ್ಕೆ ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್, ಮಾಯಾಪುರಿ. ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ದೊಡ್ಡ ವಿತರಕರು ಆನ್‌ಲೈನಿನಲ್ಲಿ ನಂಬರ್ ಹಾಕಿದರೆ ಅಸಲಿ ಸಾಮಾನು ತೋರಿಸುತ್ತಾರೆ, ಆದರೆ ಹೊರದೇಶದಿಂದ ಬರುವುದಕ್ಕೆ ಸಾಗಣೆ ಮತ್ತು ಸುಂಕ ಸೇರಿ ಒಂದು ಸಣ್ಣ ಟರ್ಮಿನಲಿಗೆ ಅದರ ಬೆಲೆಯ ಎಷ್ಟೋ ಪಟ್ಟು ಬೀಳುತ್ತದೆ. ಇದಕ್ಕೆ ಇರುವ ದಾರಿ ಒಂದೇ, ಒಟ್ಟಾಗಿ ತರಿಸುವುದು. ತುಮಕೂರಿನ ನಾಲ್ಕು, ಗುಬ್ಬಿಯ ಎರಡು, ಕುಣಿಗಲ್ಲಿನ ಎರಡು ಅಂಗಡಿಗಳು ಸೇರಿ ಒಂದು ಆರ್ಡರ್ ಹಾಕಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ. ನೂರು ಟರ್ಮಿನಲ್ ತರಿಸಿ ಹಂಚಿಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ. ಪಕ್ಕದ ಗ್ಯಾರೇಜಿನವರು ನಮಗೆ ಪೈಪೋಟಿ ಅನ್ನುವ ಲೆಕ್ಕವನ್ನು ಈ ಒಂದು ವಿಷಯದಲ್ಲಿ ದಯವಿಟ್ಟು ಬದಿಗಿಡಿ.

ಈಗ ಗುಜರಿ ಅಂಗಡಿಯ ಅಣ್ಣತಮ್ಮಂದಿರೇ, ನಿಮ್ಮಲ್ಲಿ ನನ್ನದೊಂದು ದೊಡ್ಡ ವಿನಂತಿ ಇದೆ. ಹಳೇ ಗಾಡಿ ಒಡೆದಾಗ ವೈರಿಂಗನ್ನು ಕೊಡಲಿಯಿಂದ ಕಡಿದು ರಾಶಿ ಹಾಕಿ ಬೆಂಕಿ ಕೊಡುತ್ತೀರಿ. ತಾಮ್ರ ಉಳಿಯುತ್ತದೆ, ಕಪ್ಲರೆಲ್ಲ ಕರಗಿ ಮುದ್ದೆಯಾಗುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗದ ಸಾಮಾನು ಅದು. ನಾವು ರಾಜ್ಯವೆಲ್ಲ ಹುಡುಕುತ್ತಿರುವುದು ನಿಮ್ಮ ಅಂಗಳದಲ್ಲೇ ಬೂದಿಯಾಗುತ್ತಿದೆ. ಬೆಂಕಿ ಹಾಕಿದರೆ ನಿಮಗೂ ನಷ್ಟ: ಸುಟ್ಟ ತಾಮ್ರಕ್ಕೆ ಸುಲಿದ ತಾಮ್ರದ ಬೆಲೆ ಬರುವುದಿಲ್ಲ. ವೈರಿನ ಮೇಲಿನ ಪಿವಿಸಿ ಸುಟ್ಟಾಗ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಇರುತ್ತದೆ, ಡೈಆಕ್ಸಿನ್ ಎನ್ನುವ ವಿಷ ಇರುತ್ತದೆ. ಅದನ್ನು ಮೊದಲು ಕುಡಿಯುವವರು ರಾಶಿಯ ಪಕ್ಕ ನಿಂತ ನಿಮ್ಮ ಕೆಲಸದ ಹುಡುಗರು, ಆಮೇಲೆ ಗಾಳಿ ಬೀಸಿದ ಕಡೆಯ ಮನೆಗಳವರು. ಅದಕ್ಕೇ ಕೇಳುತ್ತೇನೆ: ವೈರಿಂಗ್ ಇಳಿಸುವಾಗ ಇಸಿಎಂ ಕಪ್ಲರನ್ನು ಒಂದು ಗೇಣು ವೈರಿನ ಬಾಲ ಬಿಟ್ಟು ಕತ್ತರಿಸಿ ಬೇರೆ ಚೀಲಕ್ಕೆ ಹಾಕಿ. ಬುಡಕ್ಕೆ ಕತ್ತರಿಸಿದರೆ ವೈರಿನ ಬಣ್ಣ ಗೊತ್ತಾಗುವುದಿಲ್ಲ, ಜೋಡಿಸಲೂ ಆಗುವುದಿಲ್ಲ. ಯಾವ ಗಾಡಿ, ಯಾವ ವರ್ಷ ಅಂತ ಒಂದು ಚೀಟಿ ಕಟ್ಟಿ. ತೂಕದ ಬೆಲೆಗಲ್ಲ, ಸಾಮಾನಿನ ಬೆಲೆಗೇ ನಾವು ಕೊಳ್ಳುತ್ತೇವೆ. ಬಿಲ್ ಕೊಡಿ, ಅಷ್ಟೇ. ಕದ್ದ ಗಾಡಿಯ ಇಸಿಎಂ, ಕಪ್ಲರ್ ಈ ವ್ಯಾಪಾರದೊಳಗೆ ನುಸುಳದಂತೆ ನೋಡಿಕೊಳ್ಳುವುದು ನಿಮಗೂ ನಮಗೂ ಕ್ಷೇಮ.

ಹಳೇ ಸಾಮಾನೆಲ್ಲ ಹಾಕಬಹುದು ಅಂತ ನಾನು ಹೇಳುತ್ತಿಲ್ಲ. ಹಳದಿ ಕಪ್ಲರ್, ಅಂದರೆ ಏರ್‌ಬ್ಯಾಗಿನದು, ಗುಜರಿಯಿಂದ ತಂದು ಹಾಕಲೇಬಾರದು. ಕಪ್ಲರ್ ಬಿಚ್ಚಿದಾಗ ಎರಡು ಪಿನ್ನನ್ನು ತಾನೇ ಶಾರ್ಟ್ ಮಾಡಿ, ಏರ್‌ಬ್ಯಾಗ್ ಸುಮ್ಮನೆ ಸಿಡಿಯದ ಹಾಗೆ ಕಾಯುವ ಸಣ್ಣ ಪಟ್ಟಿಯೊಂದು ಅದರೊಳಗೆ ಇರುತ್ತದೆ. ಅದು ಬಗ್ಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಆ ಲೈನಿಗೆ ಟೆಸ್ಟ್ ಲ್ಯಾಂಪ್ ಹಿಡಿಯುವುದೂ ಜೀವದ ಜೊತೆ ಆಟ. ನೆರೆ ನೀರಿನಲ್ಲಿ ಮುಳುಗಿದ ಗಾಡಿಯ ಕಪ್ಲರೂ ಬೇಡ, ಕಿಲುಬು ಒಳಗಿಂದಲೇ ಶುರುವಾಗಿರುತ್ತದೆ.

ಆಟೋ ಎಲೆಕ್ಟ್ರಿಷಿಯನ್ ಬಂಧುಗಳಲ್ಲಿ ಮತ್ತೊಂದು ಪ್ರಾರ್ಥನೆ, ಇದನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಕಪ್ಲರ್ ಹುಟ್ಟಿನಿಂದ ಕೆಟ್ಟದ್ದಲ್ಲ, ಬಹಳ ಸಲ ನಮ್ಮ ಕೈಯಲ್ಲೇ ಕೆಡುತ್ತದೆ. ಮಲ್ಟಿಮೀಟರಿನ ದಪ್ಪ ಕಡ್ಡಿಯನ್ನು ಹೆಣ್ಣು ಟರ್ಮಿನಲಿನ ಬಾಯಿಗೆ ತುರುಕಿದರೆ ಒಳಗಿನ ಸ್ಪ್ರಿಂಗ್ ಎಲೆ ಅಗಲವಾಗುತ್ತದೆ. ಆ ಹೊತ್ತಿಗೆ ರೀಡಿಂಗ್ ಬರುತ್ತದೆ, ಗಾಡಿ ಹೋಗುತ್ತದೆ, ತಿಂಗಳಾದ ಮೇಲೆ ಸಡಿಲ ಕಾಂಟ್ಯಾಕ್ಟ್ ಅಂತ ಬೇರೊಬ್ಬರ ಹತ್ತಿರ ಹೋಗುತ್ತದೆ. ತೆಳ್ಳನೆಯ ಸೂಜಿ ಕಡ್ಡಿಯಿಂದ ವೈರಿನ ಹಿಂಭಾಗದಿಂದ ಅಳೆಯಿರಿ, ಸೀಲು ಹರಿಯದ ಹಾಗೆ. ಟರ್ಮಿನಲ್ ಬಿಗಿಯಿದೆಯೇ ಅಂತ ತಿಳಿಯಲು ಅದೇ ಅಳತೆಯ ಒಂದು ಗಂಡು ಪಿನ್ನನ್ನು ತೂರಿಸಿ ಮೆಲ್ಲಗೆ ಎಳೆಯಿರಿ. ಕೈಗೆ ಹಿಡಿತ ಗೊತ್ತಾಗಬೇಕು, ಜಾರಿ ಬಂದರೆ ಅದು ಸತ್ತಿದೆ.

ಇಸಿಎಂ ಹೋಗಿದೆ ಅನ್ನುವ ಮಾತನ್ನು ಮಾಲೀಕರಿಗೆ ಹೇಳುವ ಮುಂಚೆ ಮೂರು ವಿಷಯ ನೋಡಿಯೇ ಹೇಳೋಣ. 5 ವೋಲ್ಟಿನ ಲೈನಿನಲ್ಲಿ 5 ವೋಲ್ಟ್ ಇದೆಯೇ? ಎಂಜಿನ್ ಓಡುವಾಗ ಇಸಿಎಂ ಅರ್ತ್ ಮತ್ತು ಬ್ಯಾಟರಿ ಮೈನಸ್ ನಡುವೆ ವೋಲ್ಟ್ ಬೀಳುತ್ತಿದೆಯೇ? 0.2 ವೋಲ್ಟ್ ದಾಟಿದರೆ ಅರ್ತೇ ಕಳ್ಳ. ಮೂರನೆಯದು, ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಹಾಕುವ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ರ ನಡುವೆ ಓಮ್ ಅಳೆಯಿರಿ. ಕ್ಯಾನ್ ಲೈನಿರುವ, ಅಂದರೆ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರಿರುವ ಗಾಡಿಯಲ್ಲಿ ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಲೈನಿನ ಒಂದು ತುದಿ ಕಳಚಿದೆ, ಅನೇಕ ಗಾಡಿಗಳಲ್ಲಿ ಆ ತುದಿ ಇಸಿಎಂ ಒಳಗೇ ಇರುತ್ತದೆ, ಅಂದರೆ ಕಪ್ಲರನ್ನೇ ಮೊದಲು ಅನುಮಾನಿಸಿ. ಇದಕ್ಕೆಲ್ಲ ಹಿಡಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆ ಉಳಿಸಲು ಹೋಗಿ ರೈತನ ಒಂದು ವರ್ಷದ ಕೊಬ್ಬರಿ ದುಡ್ಡನ್ನು ಇಸಿಎಂಗೆ ಹಾಕಿಸುವುದು ನ್ಯಾಯವಲ್ಲ.

ಜೋಡಿಸುವ ವಿಷಯದಲ್ಲೂ ಹೀಗೇ. ತಿರುಚಿ ಟೇಪು ಸುತ್ತಿದ ಜೋಡು ಎಂಜಿನ್ ಕೋಣೆಯ ಬಿಸಿಗೆ ಉಳಿಯುವುದಿಲ್ಲ. ಸೋಲ್ಡರ್ ಮಾಡಿದರೆ ಗಟ್ಟಿ ಅಂತ ನಾವೆಲ್ಲ ನಂಬಿದ್ದೇವೆ, ಆದರೆ ಸೀಸ ವೈರಿನ ಎಳೆಗಳೊಳಗೆ ಏರಿ ಅಷ್ಟು ಉದ್ದ ಕಡ್ಡಿಯ ಹಾಗೆ ಬಿರುಸಾಗುತ್ತದೆ. ಎಂಜಿನ್ನಿನ ಅದಿರಾಟಕ್ಕೆ ಆ ಬಿರುಸು ಮುಗಿಯುವ ಜಾಗದಲ್ಲೇ ವೈರು ತುಂಡಾಗುತ್ತದೆ. ಟರ್ಮಿನಲಿಗೆ ಸರಿಯಾದ ಅಚ್ಚಿನ ಕ್ರಿಂಪಿಂಗ್ ಪ್ಲೈಯರ್ ಬೇಕು: ಮುಂದಿನ ರೆಕ್ಕೆ ತಾಮ್ರವನ್ನು, ಹಿಂದಿನ ರೆಕ್ಕೆ ಸಿಪ್ಪೆಯನ್ನೋ ಸೀಲನ್ನೋ ಹಿಡಿಯಬೇಕು. ಒಳ್ಳೆಯ ಪ್ಲೈಯರ್ ದುಬಾರಿ ಅನ್ನುವುದು ನಿಜ, ಹಾಗಾದರೆ ಎರಡು ಮೂರು ಅಂಗಡಿಗೆ ಒಂದು ಇಟ್ಟುಕೊಳ್ಳಿ. ಇಸಿಎಂ ಪಿನ್ನು ತವರದ ಲೇಪದ್ದಾದರೆ ತವರದ ಟರ್ಮಿನಲ್ಲೇ, ಚಿನ್ನದ ಲೇಪದ್ದಾದರೆ ಚಿನ್ನದ್ದೇ. ಬೆರೆಸಿದರೆ ಎರಡರ ನಡುವೆ ತುಕ್ಕಿನ ಪದರ ಬೆಳೆಯುತ್ತದೆ. ಬರೀ ಹಿತ್ತಾಳೆಯ ಡೂಪ್ಲಿಕೇಟ್ ಟರ್ಮಿನಲ್ ಸ್ಪ್ರಿಂಗ್ ಕಳೆದುಕೊಳ್ಳುವುದಕ್ಕೆ ಒಂದು ಬೇಸಿಗೆ ಸಾಕು.

ಕಂಪನಿಗಳ ಅರ್ಧದ ಬಗ್ಗೆ ಎರಡು ಮಾತು. ಬಿಡಿಭಾಗ ಮತ್ತು ಪರೀಕ್ಷೆಯ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು, ಹೊರಗಿನ ರಿಪೇರಿಯವರಿಗೂ ಅವು ಸಿಗಬೇಕೆಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಎತ್ತಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಇವೆ, ಕೃಷಿ ಯಂತ್ರಗಳೂ ಇವೆ. ಅಂದರೆ ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. ಒಂದು ಕಪ್ಲರಿಗಾಗಿ ಪೂರ್ತಿ ಹಾರ್ನೆಸ್ ಕೊಳ್ಳಿ ಅಂತ ಯಾರಾದರೂ ಹೇಳಿದರೆ, ಮಾಲೀಕರು ಅದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲಿ. ಯಾವ ಕಪ್ಲರ್, ಎಷ್ಟು ಪಿನ್ನು, ಏನು ನಂಬರ್ ಅನ್ನುವುದನ್ನು ಬರೆದುಕೊಡುವ ಕೆಲಸ ನಮ್ಮದು, ಏಕೆಂದರೆ ಅದು ಗೊತ್ತಿರುವುದು ನಮಗೆ.

ಹಾಗೆ ನೋಡಿದರೆ, ಎಲ್ಲ ಕಾರುಗಳಿಗೂ ಒಂದೇ ಕಪ್ಲರ್ ಇಡುವುದು ಆಗದ ಕೆಲಸವಲ್ಲ. ಸ್ಕ್ಯಾನರ್ ಹಾಕುವ ಆ 16 ಪಿನ್ನಿನ ಸಾಕೆಟ್ ಲೋಕದ ಬಹುಪಾಲು ಕಾರುಗಳಿಗೆ ಒಂದೇ ಆಗಿದ್ದು ಹೇಗೆ? ಅಮೆರಿಕದಲ್ಲಿ 1996ರ ಮಾಡೆಲ್ಲಿನಿಂದ ಕಡ್ಡಾಯ ಮಾಡಿದರು, ಬೇರೆ ದೇಶಗಳೂ ಹಿಂದೆಯೇ ಬಂದವು. ಇಸಿಎಂ ಕಪ್ಲರನ್ನು ಹಾಗೆ ಒಂದೇ ಮಾಡುವ ದಿನ ನಮ್ಮ ಕಾಲದಲ್ಲಿ ಬರಲಿಕ್ಕಿಲ್ಲ. ಅದರ ನಂಬರನ್ನಾದರೂ ಮುಚ್ಚಿಡಬೇಡಿ ಅಂತ ಕೇಳುವುದು ಅತಿಯಾಸೆಯೇನಲ್ಲ.

ಅಲ್ಲಿಯವರೆಗೆ ಆ ನಂಬರುಗಳನ್ನು ನಾವೇ ಕೂಡಿಹಾಕಿ, ಕನ್ನಡದಲ್ಲಿ ಬರೆದಿಡಬೇಕು. ನಮ್ಮೂರಿನ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ “ವಿಜ್ಞಾನ” ಅನ್ನುವ ಮಾಸಪತ್ರಿಕೆ ಹೊರಡಿಸಿದರು. ಕನ್ನಡದಲ್ಲಿ ವಿಜ್ಞಾನಕ್ಕೆಂದೇ ಬಂದ ಮೊದಲ ಪತ್ರಿಕೆ ಅದು. ಓದುವವರು ಎಷ್ಟು ಜನ ಅಂತ ಅವರು ಕಾಯಲಿಲ್ಲ. ನಮ್ಮ ಕೆಲಸದ ಜ್ಞಾನವೂ ಕನ್ನಡದಲ್ಲಿ ಬರೆದಿಡುವಂಥದ್ದೇ. ಸ್ಪ್ಯಾನರ್ ಹಿಡಿದು ಬಂದ ಹುಡುಗ ಇಂಗ್ಲಿಷ್ ಕೈಪಿಡಿ ಬಿಡಿಸಿ ಓದಲಾರ, ಅವನು ಕನ್ನಡದಲ್ಲಿ ಬರೆದ ಒಂದು ಪುಟ ಓದಬಲ್ಲ.

ಅದಕ್ಕೆ ನಾನು ಒಂದು ಪುಸ್ತಕ ಶುರುಮಾಡಿದ್ದೇನೆ. ಎಡಗಡೆ ಪುಟದಲ್ಲಿ ಗಾಡಿಯ ಹೆಸರು, ವರ್ಷ, ಇಸಿಎಂ ಲೇಬಲಿನ ನಂಬರ್. ಬಲಗಡೆ ಕಪ್ಲರಿನ ನಂಬರ್, ಪಿನ್ನಿನ ಅಳತೆ, ಬಣ್ಣ, ಎಲ್ಲಿ ಸಿಕ್ಕಿತು, ಬೇರೆ ಯಾವ ಗಾಡಿಯಲ್ಲಿ ಅದೇ ಇದೆ. ನೀವೂ ನಿಮ್ಮ ಅಂಗಡಿಯಲ್ಲಿ ಅಂಥದ್ದೊಂದು ಇಡಿ. ತಿಂಗಳಿಗೊಮ್ಮೆ ತುಮಕೂರಿನಲ್ಲಿ ಯಾರದಾದರೂ ಗ್ಯಾರೇಜಿನಲ್ಲಿ ಸಂಜೆ ಕೂತು ಒಬ್ಬರ ಪುಸ್ತಕ ಇನ್ನೊಬ್ಬರು ನಕಲು ಮಾಡಿಕೊಳ್ಳೋಣ, ಒಟ್ಟು ಆರ್ಡರನ್ನೂ ಅಲ್ಲೇ ಬರೆಯೋಣ. ಐಟಿಐ ಓದುವ ಹುಡುಗರಿದ್ದರೆ ಕರೆದುಕೊಂಡು ಬನ್ನಿ, ಹಳೇ ಹಾರ್ನೆಸ್ ಒಂದನ್ನು ಮೇಜಿನ ಮೇಲೆ ಹರಡಿ ಪಿನ್ ತೆಗೆಯುವುದು, ಒತ್ತುವುದು ಕಲಿಸೋಣ. ಬಾಲ ಬಿಟ್ಟು ಕತ್ತರಿಸಿದ ಕಪ್ಲರುಗಳ ಎರಡು ಡಬ್ಬ ನನ್ನ ಅಂಗಡಿಯಲ್ಲಿವೆ. ನಂಬರ್ ತಂದವರು ನೋಡಿ ತೆಗೆದುಕೊಂಡು ಹೋಗಬಹುದು, ಬದಲಿಗೆ ನಿಮ್ಮಲ್ಲಿರುವ ಬೇರೊಂದನ್ನು ಹಾಕಿ ಹೋದರೆ ಸಾಕು. ಮೊದಲ ಕೂಟ ಯಾವ ಊರಿನಲ್ಲಿ, ಯಾರ ಗ್ಯಾರೇಜಿನಲ್ಲಿ ಅನ್ನುವುದನ್ನು ಈ ಕಾಗದ ಓದಿದವರಲ್ಲಿ ಯಾರಾದರೂ ಹಿರಿಯರು ಮುಂದೆ ಬಂದು ತೀರ್ಮಾನ ಮಾಡಬೇಕೆಂದು ಕೋರುತ್ತೇನೆ. ಗುಜರಿ ಅಂಗಡಿಯವರಿಗೂ ಅಲ್ಲಿ ಕುರ್ಚಿ ಇರಲಿ.

ಇತಿ ತಮ್ಮ ವಿಶ್ವಾಸಿ,
ಬೆಳ್ಳಾವಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್
ತುಮಕೂರು ತಾಲ್ಲೂಕು